‘ಕೋಟಿ ಬಿಟ್ಟು ಹರಿಯನ್ನು ನೆನೆ’ ಅಂದರೆ ದಿನದ ಯಾವ ಹೊತ್ತಿನಲ್ಲಿ?

ಲೆಕ್ಕದ ಪುಸ್ತಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಶ್ಲೋಕದ ಬಗ್ಗೆ ಕೇಳಬೇಕಿತ್ತು. ನಾಲ್ಕು ತಿಂಗಳಿಂದ ತಲೆಯಲ್ಲಿ ಕೂತುಬಿಟ್ಟಿದೆ.

ಶತಂ ವಿಹಾಯ ಭೋಕ್ತವ್ಯಂ ಸಹಸ್ರಂ ಸ್ನಾನಮಾಚರೇತ್ |
ಲಕ್ಷಂ ವಿಹಾಯ ದಾತವ್ಯಂ ಕೋಟಿಂ ತ್ಯಕ್ತ್ವಾ ಹರಿಂ ಸ್ಮರೇತ್ ||

ನೂರು ಕೆಲಸ ಬಿಟ್ಟು ಊಟ ಮಾಡು, ಸಾವಿರ ಬಿಟ್ಟು ಸ್ನಾನ ಮಾಡು, ಲಕ್ಷ ಬಿಟ್ಟು ದಾನ ಕೊಡು, ಕೋಟಿ ಬಿಟ್ಟು ಹರಿಯನ್ನು ನೆನೆ. ನನಗೆ ಗೊತ್ತಿರುವ ಅರ್ಥ ಇಷ್ಟು. ಹೇಳಿಕೊಟ್ಟವರು ನನ್ನ ಅಪ್ಪ. ಆಗ ನನಗೆ ಒಂಬತ್ತು ವರ್ಷ. ಸಂಖ್ಯೆ ದೊಡ್ಡದಾಗುತ್ತಾ ಹೋಗುವುದೇ ನನಗೆ ಖುಷಿ. ‘ಕೋಟಿಂ’ ಬಂದ ಕೂಡಲೇ ಜೋರಾಗಿ ಕೂಗುತ್ತಿದ್ದೆ.

ಅಪ್ಪ ಹೇಳಿಕೊಟ್ಟರು, ಆದರೆ ಅವರಿಗೆ ಮಾಡಲು ಆಗಲಿಲ್ಲ. ನಾನು ತಪ್ಪು ಹುಡುಕುತ್ತಿಲ್ಲ. ನಾಲ್ಕು ಮಕ್ಕಳನ್ನು ಓದಿಸಿದರು, ಇಬ್ಬರು ತಂಗಿಯರ ಮದುವೆ ಮಾಡಿದರು. “ನಿವೃತ್ತಿ ಆಗಲಿ, ಆಮೇಲೆ ನನ್ನ ಕೋಟಿ ಶುರು” ಎನ್ನುತ್ತಿದ್ದರು. ಜಪಮಾಲೆಯನ್ನೂ ತಂದಿಟ್ಟುಕೊಂಡಿದ್ದರು. 108 ಮಣಿಯದ್ದು. ಬಟ್ಟೆ ಚೀಲದಲ್ಲಿ ಸುತ್ತಿ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದರು. ನಿವೃತ್ತರಾಗಿ ಏಳನೇ ತಿಂಗಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ನಾನು ಮಾಲೆಯನ್ನು ಎಡಗೈಗೆ ಕೊಟ್ಟೆ. ಎರಡು ಮಣಿ ಸರಿಸಿ, ನಿಲ್ಲಿಸಿ, ನನ್ನ ಮುಖ ನೋಡುತ್ತಿದ್ದರು. ಹೆಸರು ಮರೆತುಹೋಗಿತ್ತೋ, ಬಾಯಿಗೆ ಬರುತ್ತಿರಲಿಲ್ಲವೋ, ನನಗೆ ತಿಳಿಯಲಿಲ್ಲ. ಮೂರು ವರ್ಷ ಹಾಗೇ ಇದ್ದು ಹೋದರು.

ಈಗ ನನಗೆ 46. ಮನೆಯಿಂದಲೇ ನಾಲ್ಕೈದು ಕಡೆಯವರ ಲೆಕ್ಕ ಬರೆಯುತ್ತೇನೆ. ಅತ್ತೆಗೆ 81 ವರ್ಷ, ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಕಳೆದ ತಿಂಗಳು ಒಂದು ಸೋಮವಾರ, ಬೆಳಿಗ್ಗೆ ಎದ್ದಾಗಿನಿಂದ ಮಾಡಿದ ಕೆಲಸವನ್ನೆಲ್ಲ ಒಂದೊಂದಾಗಿ ಪುಸ್ತಕದಲ್ಲಿ ಬರೆದುಕೊಂಡೆ. ಒಟ್ಟು 63 ಆಯಿತು. ಸ್ನಾನ 22ನೆಯದು. ಮಧ್ಯಾಹ್ನದ ಊಟ 41ನೆಯದು, ಅದೂ ನಿಂತುಕೊಂಡು. ದಾನ ಪಟ್ಟಿಯಲ್ಲೇ ಇಲ್ಲ. ಹರಿ 63ನೆಯದು.

ಆ 63ನೆಯದು ಹೇಗಿತ್ತು ಅಂತಲೂ ಹೇಳಿಬಿಡುತ್ತೇನೆ. ಹಾಸಿಗೆಯಲ್ಲಿ ಮಲಗಿ ಕೇಶವ, ನಾರಾಯಣ, ಮಾಧವ ಎಂದು ಶುರು ಮಾಡುತ್ತೇನೆ. ತ್ರಿವಿಕ್ರಮ ಬರುವುದರೊಳಗೆ ನಿದ್ದೆ. 24 ಹೆಸರುಗಳಲ್ಲಿ ‘ಹರಿ’ ಬರುವುದು 23ನೆಯದಾಗಿ. ರಾತ್ರಿ ಹೊತ್ತು ನಾನು ಅಲ್ಲಿಯವರೆಗೆ ಹೋದ ನೆನಪೇ ಇಲ್ಲ.

ಇದು ಹೊತ್ತಿನ ಕ್ರಮವೋ, ತೂಕದ ಕ್ರಮವೋ? ಮೊದಲು ಊಟ, ಕೊನೆಗೆ ಹರಿ ಎಂದು ಓದಿದರೆ ನನ್ನ ದಿನ ಹೆಚ್ಚು ಕಡಿಮೆ ಸರಿಯಾಗೇ ಇದೆ. ಸಂಖ್ಯೆ ನೋಡಿದರೆ ಎಲ್ಲಾ ತಲೆಕೆಳಗಾಗಿದೆ. ಮತ್ತೆ, ‘ಬಿಟ್ಟು’ ಅಂದರೆ ಏನನ್ನು ಬಿಡುವುದು? ಅತ್ತೆ “ಏನಮ್ಮಾ” ಎಂದು ಕರೆಯುತ್ತಾರಲ್ಲ, ಅದೂ ಆ ಕೋಟಿಯಲ್ಲಿ ಒಂದಾ? ತಿಳಿದವರು ಹೇಳಿ. ನನಗೂ ಅಪ್ಪನ ಹಾಗೆ ಆಗಬಾರದು.

---

ಹಳೇ ಮೇಷ್ಟ್ರು

ತಾಯೀ, ನಾನು 34 ವರ್ಷ ಸಂಸ್ಕೃತ ಪಾಠ ಹೇಳಿದವನು. ಈ ಶ್ಲೋಕವನ್ನು ಪ್ರತಿ ವರ್ಷ ಹೇಳಿಕೊಟ್ಟಿದ್ದೇನೆ. ಕೊನೆಯ ಪದವನ್ನು ಕೆಲವರು ‘ಹರಿಂ ಭಜೇತ್’ ಎಂದೂ ಹೇಳುತ್ತಾರೆ. ನನಗೆ ‘ಸ್ಮರೇತ್’ ಹೆಚ್ಚು ಹಿಡಿಸುತ್ತದೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಇದು ತೂಕದ ಕ್ರಮವೇ. ‘ಕೆಲಸ’ ಎಂಬ ಮಾತು ಶ್ಲೋಕದಲ್ಲಿ ಎಲ್ಲೂ ಇಲ್ಲ, ನೋಡಿ. ಬರೀ ‘ಶತಂ’, ‘ಲಕ್ಷಂ’. ಅದನ್ನು ನಾವು ಸೇರಿಸಿಕೊಂಡು ಓದಬೇಕು. ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: “ಸ್ನಾನ ಮಾಡಿ ಊಟ ಮಾಡು ಅಂತೀರಿ, ಇಲ್ಲಿ ಊಟವೇ ಮೊದಲು ಬಂತಲ್ಲಾ?” ಸಾವಿರ ಕೆಲಸ ಬಿಟ್ಟು ಸ್ನಾನ ಮಾಡು ಎಂದಾಗ ಆ ಸಾವಿರದೊಳಗೆ ಊಟವೂ ಒಂದು. ಲಕ್ಷದೊಳಗೆ ಊಟವೂ ಇದೆ, ಸ್ನಾನವೂ ಇದೆ. ಕೋಟಿಯೊಳಗೆ ಮೂರೂ ಇವೆ. ಮೇಲಿನದು ಬಂದಾಗ ಕೆಳಗಿನದು ದಾರಿ ಬಿಡಬೇಕು, ಅಷ್ಟೇ.

ಸಂಖ್ಯೆಗಳನ್ನು ಇನ್ನೂ ಸ್ವಲ್ಪ ನೋಡಿ, ನೀವು ಲೆಕ್ಕದವರು. ನೂರರಿಂದ ಸಾವಿರಕ್ಕೆ 10 ಪಟ್ಟು. ಸಾವಿರದಿಂದ ಲಕ್ಷಕ್ಕೆ 100 ಪಟ್ಟು. ಅಲ್ಲಿಂದ ಕೋಟಿಗೆ ಮತ್ತೆ 100 ಪಟ್ಟು. ಮಧ್ಯೆ ಹತ್ತು ಸಾವಿರಕ್ಕೆ ‘ಅಯುತ’ ಎಂಬ ಒಳ್ಳೆಯ ಪದ ಇದೆ. ಅದನ್ನು ಬಿಟ್ಟು ಹಾರಿದ್ದಾನೆ. ಊಟ, ಸ್ನಾನ ಎರಡೂ ನನ್ನ ಮೈಗೆ ಸೇರಿದ್ದು. ನನ್ನ ಮೈಯಿಂದ ಇನ್ನೊಬ್ಬರ ಕಷ್ಟಕ್ಕೆ ಹೋಗುವಾಗ ಹೆಜ್ಜೆ ಒಮ್ಮೆಗೇ ದೊಡ್ಡದಾಗುತ್ತದೆ. ಕವಿ ಇದನ್ನು ಯೋಚಿಸಿಯೇ ಮಾಡಿದನೋ ಏನೋ, ನನಗಂತೂ ಪಾಠ ಮಾಡುವಾಗ ಪ್ರತಿ ಸಲ ಇಲ್ಲಿ ಗಂಟಲು ಕಟ್ಟುತ್ತಿತ್ತು.

ಇನ್ನು ‘ಸ್ಮರೇತ್’. ಭಾಗವತದಲ್ಲಿ ಪ್ರಹ್ಲಾದ ತಂದೆಗೆ ಒಂಬತ್ತು ಬಗೆಯ ಭಕ್ತಿ ಹೇಳುತ್ತಾನಲ್ಲ. ಶ್ರವಣ, ಕೀರ್ತನ, ಸ್ಮರಣ, ಹೀಗೆ. ಕೇಳಲು ಕಿವಿ ಬೇಕು, ಹಾಡಲು ಬಾಯಿ ಬೇಕು, ಅರ್ಚನೆಗೆ ಕೈ ಬೇಕು. ನೆನೆಯುವುದಕ್ಕೆ ಇವು ಯಾವುವೂ ಬೇಡ. ನಿಮ್ಮ ತಂದೆಯವರ ಕೈ ನಿಂತಿತು, ಬಾಯಿ ನಿಂತಿತು. ಮಣಿ ನಿಂತ ಮೇಲೂ ಒಳಗೆ ಏನು ನಡೆಯುತ್ತಿತ್ತು ಅಂತ ನೀವೂ ನಾನೂ ಹೇಳಲಾರೆವು. ನಡೆಯುತ್ತಿರಲಿಲ್ಲ ಎಂದು ಮಾತ್ರ ತೀರ್ಮಾನ ಮಾಡಬೇಡಿ.

---

ರಾತ್ರಿ ಪಾಳಿ

ಅಕ್ಕಾ, ನಾನು ನರ್ಸ್. ಐಸಿಯುನಲ್ಲಿ 11 ವರ್ಷವಾಯಿತು, ಹೆಚ್ಚು ರಾತ್ರಿ ಡ್ಯೂಟಿಯೇ. ಸಂಸ್ಕೃತ ಗೊತ್ತಿಲ್ಲ. ಆದರೆ ನಿಮ್ಮ 41ನೇ ನಂಬರಿನ ಊಟ ಓದಿ ಬರೆಯಲೇಬೇಕು ಅನ್ನಿಸಿತು.

ನಾನೂ ಹಾಗೇ ಇದ್ದೆ. ಒಂದು ರಾತ್ರಿ ಇಬ್ಬರು ರೋಗಿಗಳ ಸ್ಥಿತಿ ಒಟ್ಟಿಗೇ ಕೆಟ್ಟಿತು. ಹಿಂದಿನ ಮಧ್ಯಾಹ್ನದಿಂದ ನಾನು ಏನೂ ತಿಂದಿರಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಔಷಧಿ ಅಳೆಯುವಾಗ ಕಣ್ಣು ಕತ್ತಲೆ ಬಂತು, ಸಿರಿಂಜ್ ಕೈಯಿಂದ ಬಿತ್ತು. ಬಿದ್ದದ್ದೇ ಒಳ್ಳೆಯದಾಯಿತು. ಬೀಳದೆ ತಪ್ಪು ಅಳತೆ ಹೋಗಿದ್ದರೆ? ಅವತ್ತಿನಿಂದ ‘ನೂರು ಬಿಟ್ಟು ಉಣ್ಣು’ ಅನ್ನುವುದು ನನಗೆ ಸಣ್ಣ ಮಾತಲ್ಲ. ಅದು ಸ್ವಾರ್ಥ ಅಂತ ಅನ್ನಿಸುವುದೂ ಇಲ್ಲ. ನೀವು ನಿಂತು ತಿಂದರೆ ಅತ್ತೆಯನ್ನು ಎತ್ತಿ ಕೂರಿಸುವವರು ಯಾರು? ದಯವಿಟ್ಟು ಕೂತು ಊಟ ಮಾಡಿ.

ಇನ್ನೊಂದು ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಒಂದು ಪಾಠ ಹೇಳಿದ್ದರು. ಒಟ್ಟಿಗೆ ನಾಲ್ಕಾರು ರೋಗಿಗಳು ಬಂದರೆ ಕೂಗುತ್ತಿರುವವನ ಹತ್ತಿರ ಓಡಬೇಡ, ಮೊದಲು ಸುಮ್ಮನಿರುವವನನ್ನು ನೋಡು. ಕೂಗುವವನಿಗೆ ಉಸಿರಾದರೂ ಇದೆ. ಸುಮ್ಮನಿರುವವನಿಗೆ ಏನಾಗಿದೆಯೋ ಗೊತ್ತಿಲ್ಲ. ನಿಮ್ಮ ಶ್ಲೋಕ ಓದುತ್ತಾ ಇದೇ ನೆನಪಾಯಿತು. ಹಸಿವು ತಾನಾಗಿ ಕೂಗುತ್ತದೆ. ಬೆವರಿದ ಮೈಯೂ ನಮ್ಮನ್ನು ಕೂಗಿ ಬಚ್ಚಲಿಗೆ ಕಳಿಸುತ್ತದೆ. ಕಷ್ಟದಲ್ಲಿರುವವನು ಒಮ್ಮೆ ಬಂದು ಕೇಳುತ್ತಾನೆ, ಎರಡನೇ ಸಲ ಬರಲು ನಾಚಿಕೆ. ದೇವರು ಕರೆಯುವುದೇ ಇಲ್ಲ ಅಲ್ವಾ? ನಾವು ಹೋಗದಿದ್ದರೆ ಒಂದು ಫೋನೂ ಬರುವುದಿಲ್ಲ. ಕೂಗು ಸಣ್ಣದಾದಷ್ಟೂ ಸಂಖ್ಯೆ ದೊಡ್ಡದು ಮಾಡಿದ್ದಾರೆ ಅಂತ ನನಗೆ ತೋರುತ್ತದೆ. ಇಲ್ಲದಿದ್ದರೆ ನಾವು ಅದನ್ನು ನೋಡುವುದೇ ಇಲ್ಲ.

ಅತ್ತೆಯ ವಿಷಯ. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತಿದ್ದೀರಾ? ಹಾಸಿಗೆ ಹುಣ್ಣು ಆಗದಿರಲು ಅದು ಬೇಕೇ ಬೇಕು. ಆಗ ನಿಮ್ಮ ಕೈ ಎರಡೂ ಕೆಲಸದಲ್ಲಿರುತ್ತವೆ, ಮನಸ್ಸು ಖಾಲಿ ಇರುತ್ತದೆ. ಹೆಸರು ಆಗ ಹೇಳಿ. ಗೀತೆಯಲ್ಲಿ ‘ಮಾಮನುಸ್ಮರ ಯುಧ್ಯ ಚ’ ಅಂತ ಇದೆಯಲ್ಲ, ನನ್ನನ್ನು ನೆನೆ, ಯುದ್ಧವನ್ನೂ ಮಾಡು ಅಂತ. ಯುದ್ಧ ಬಿಟ್ಟು ಬಾ ಅಂತ ಕೃಷ್ಣ ಹೇಳಲಿಲ್ಲ. ಅದನ್ನು ನಂಬಿಕೊಂಡೇ ನಾನು ಪಾಳಿ ಮಾಡುತ್ತೇನೆ.

---

ಅಚ್ಚುಮೊಳೆ

ನಾನು ಮೂರನೆಯದರ ಬಗ್ಗೆ ಮಾತ್ರ ಬರೆಯುತ್ತೇನೆ. ಎಲ್ಲರೂ ಹರಿಯ ಬಗ್ಗೆ ಮಾತಾಡಿದರು, ದಾನ ಹಾಗೇ ದಾಟಿಹೋಯಿತು.

ತುಂಬಾ ವರ್ಷ ನಾನು ‘ಲಕ್ಷಂ’ ಅಂದರೆ ಲಕ್ಷ ರೂಪಾಯಿ ಅಂದುಕೊಂಡಿದ್ದೆ. ಅಷ್ಟು ದುಡ್ಡಿರುವವರಿಗೆ ಹೇಳಿದ ಮಾತು, ನನಗಲ್ಲ ಅಂತ ಸುಮ್ಮನಿದ್ದೆ. ಲಕ್ಷ ಕೆಲಸ ಎಂದು ತಿಳಿದದ್ದು ಈಚೆಗೆ. ತಿಳಿದ ದಿನವೇ ಒಂದು ಹಳೆಯ ವಿಷಯ ಎದೆಗೆ ಬಂದು ಹೊಡೆಯಿತು.

ನಾನು ಮುದ್ರಣದ ಕೆಲಸದವನು. ಒಂದು ಶನಿವಾರ ಸಂಜೆ ಪುಟ ಮುಗಿಸುವ ಗಡಿಬಿಡಿ. ಜೊತೆಯಲ್ಲಿ ಕಾಗದ ಮಡಿಸುವ ಕೆಲಸ ಮಾಡುತ್ತಿದ್ದ ಹೆಂಗಸು ಬಂದು ಪಕ್ಕದಲ್ಲಿ ನಿಂತರು. ಮಗಳ ಪರೀಕ್ಷೆ ಶುಲ್ಕ ಕಟ್ಟಬೇಕು, ಸ್ವಲ್ಪ ಕಡಿಮೆ ಬಿದ್ದಿದೆ ಅಂದರು. ಜೇಬಿನಲ್ಲಿ ದುಡ್ಡಿತ್ತು. ಕೊಡಬೇಕು ಅನ್ನಿಸಿತ್ತು ಕೂಡ. “ಸೋಮವಾರ ನೋಡೋಣ ಅಕ್ಕ, ಈಗ ಇದೊಂದು ಮುಗಿಸುತ್ತೇನೆ” ಅಂದೆ. ಕಣ್ಣು ಪುಟದ ಮೇಲೆಯೇ ಇತ್ತು, ಅವರ ಮುಖ ನೋಡಲಿಲ್ಲ. ಸೋಮವಾರ ಅವರು ಕೇಳಲಿಲ್ಲ. ನಾನೇ ಹೋಗಿ ಕೊಡಲು ಹೋದೆ. “ಬೇಡಪ್ಪಾ, ಬಡ್ಡಿಗೆ ತಂದು ಕಟ್ಟಿಬಿಟ್ಟೆ” ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಲಕ್ಷ ಕೆಲಸ ಬಿಟ್ಟು ಕೊಡು ಅಂತಾರೆ. ನಾನು ಒಂದು ಪುಟ ಬಿಡಲಿಲ್ಲ. ಗೀತೆಯ ಹದಿನೇಳನೇ ಅಧ್ಯಾಯದಲ್ಲಿಯೂ ದಾನಕ್ಕೆ ಇದೇ ‘ದಾತವ್ಯಂ’ ಪದ ಇದೆ. ತಿರುಗಿ ಉಪಕಾರ ಮಾಡಲಾಗದವರಿಗೆ, ಸರಿಯಾದ ಜಾಗದಲ್ಲಿ, ಸರಿಯಾದ ಕಾಲದಲ್ಲಿ, ಕೊಡಬೇಕು ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಸಾತ್ವಿಕ ದಾನ ಅಂತ. ಕಾಲ ಅಂದರೆ ಹಬ್ಬ, ಗ್ರಹಣ ಅಂದುಕೊಂಡಿದ್ದೆ. ನನ್ನ ಮಟ್ಟಿಗೆ ಆ ಕಾಲ ಶನಿವಾರ ಸಂಜೆ ಐದೂವರೆ ಗಂಟೆ.

ಅಕ್ಕಾ, ನಿಮ್ಮ ಪಟ್ಟಿಯಲ್ಲಿ ದಾನ ಇಲ್ಲ ಅಂದಿರಿ. ಎರಡು ವರ್ಷದಿಂದ ಹಗಲೂ ರಾತ್ರಿ ಒಬ್ಬರಿಗೆ ಕೊಡುತ್ತಲೇ ಇದ್ದೀರಿ. 63ರಲ್ಲಿ ಅತ್ತೆಯ ಕೆಲಸ ಎಷ್ಟು ಅಂತ ಒಮ್ಮೆ ಎಣಿಸಿ ನೋಡಿ.

---

ಲೆಕ್ಕದ ಪುಸ್ತಕ

ಎಣಿಸಿದೆ. 26.

ಅಳು ಬಂತು, ಸುಳ್ಳು ಹೇಳುವುದಿಲ್ಲ. ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಆದರೆ ಅಣ್ಣಾ, ಆ 26ನ್ನೂ ದಾನ ಅನ್ನಲು ನನಗೆ ಧೈರ್ಯ ಸಾಲದು. ಅದರಲ್ಲಿ ಎಷ್ಟೋ ಸಲ ಮುಖ ಗಂಟು ಹಾಕಿಕೊಂಡು ಮಾಡಿದ್ದೇನೆ. ತಿಂಗಳ ಕೊನೆಯ ಲೆಕ್ಕ ಇರುವಾಗ ಅವರು ಕರೆದರೆ “ಬಂದೇ” ಅಂತ ಕೂಗಿ ಹತ್ತು ನಿಮಿಷ ಬಿಟ್ಟು ಹೋಗಿದ್ದೇನೆ. ಮುಖ ನೋಡದೆ ಪುಟ ನೋಡಿದೆ ಅಂದಿರಲ್ಲ, ನನ್ನದೂ ಅದೇ. ಕೆಲವು ದಿನ ಅವರನ್ನು ತಿರುಗಿಸುವಾಗಲೂ ನನ್ನ ಕಣ್ಣು ಬಾಗಿಲಾಚೆ ಕಂಪ್ಯೂಟರ್ ಮೇಲೇ ಇರುತ್ತದೆ.

ತಂಗೀ, ನಿನ್ನ ಮಾತು ಹಿಡಿದುಕೊಂಡೆ. ಊಟ ಕೂತೇ ಮಾಡುತ್ತಿದ್ದೇನೆ, ಆರು ದಿನವಾಯಿತು. ಫೋನ್ ಇನ್ನೊಂದು ಕೋಣೆಯಲ್ಲಿ ಇಡುತ್ತೇನೆ. ಇಪ್ಪತ್ತು ನಿಮಿಷ ಸಾಕಾಗುತ್ತದೆ. ಅಷ್ಟರಲ್ಲಿ ಯಾವ ಲೆಕ್ಕವೂ ಮುಳುಗಲಿಲ್ಲ.

ಮೇಷ್ಟ್ರೇ, ನಿಮ್ಮನ್ನು ಒಂದು ಕೇಳಬೇಕು. ಕೆಲಸ ಮಾಡುತ್ತಾ ನೆನೆದರೆ ಸಾಕಾ? ಹಾಗಾದರೆ ‘ತ್ಯಕ್ತ್ವಾ’ ಯಾಕೆ ಹೇಳಿದ?

---

ಹಳೇ ಮೇಷ್ಟ್ರು

ಸರಿಯಾದ ಜಾಗಕ್ಕೇ ಬಂದಿರಿ.

‘ವಿಹಾಯ’, ‘ತ್ಯಕ್ತ್ವಾ’ ಎರಡಕ್ಕೂ ‘ಬಿಟ್ಟು’ ಎಂದೇ ಅರ್ಥ. ಮೊದಲಿನದಕ್ಕೆ ‘ವಿ’ ಎಂಬ ಉಪಸರ್ಗ ಇದೆ, ಹಾಗಾಗಿ ರೂಪ ಬೇರೆ. ಕೊನೆಯ ಪಾದದಲ್ಲೂ ‘ವಿಹಾಯ’ ಹಾಕಿದರೆ ಅಕ್ಷರ ಒಂಬತ್ತಾಗುತ್ತದೆ, ಅನುಷ್ಟುಪ್ಪಿನ ಪಾದಕ್ಕೆ ಎಂಟೇ. ಅಷ್ಟು ಬಿಟ್ಟರೆ ದೊಡ್ಡ ಗುಟ್ಟೇನೂ ಇಲ್ಲ. ಎರಡೂ ಒಂದೇ ಮಾತು ಹೇಳುತ್ತವೆ: ಮೊದಲು ಬಿಡು, ಆಮೇಲೆ ಮಾಡು. ಕನ್ನಡದಲ್ಲಿ ‘ಕೈ ತೊಳೆದು ಉಂಡ’ ಅನ್ನುತ್ತೇವಲ್ಲ, ಹಾಗೆ.

ಆದ್ದರಿಂದ ನರ್ಸಮ್ಮನ ಮಾತನ್ನು ಮುಕ್ಕಾಲು ಒಪ್ಪುತ್ತೇನೆ. ಗೀತೆಯ ಆ ಮಾತಿನಲ್ಲೂ ‘ಅನುಸ್ಮರ’ ಮೊದಲು, ‘ಯುಧ್ಯ’ ಆಮೇಲೆ. ಆ ಮಾತಿನ ಹಿಂದೆ ‘ಸರ್ವೇಷು ಕಾಲೇಷು’ ಅಂತಲೂ ಇದೆ. ಎಲ್ಲಾ ಕಾಲದಲ್ಲೂ. ಆದರೆ ಎಲ್ಲಾ ಕಾಲದಲ್ಲೂ ನೆನಪು ನಿಲ್ಲಬೇಕಾದರೆ ಯಾವುದೋ ಒಂದು ಹೊತ್ತಿನಲ್ಲಿ ಬೇರೆಲ್ಲ ಬಿಟ್ಟು ಅದನ್ನು ಕೂರಿಸಿಕೊಂಡಿರಬೇಕು. ನನ್ನ ಅನುಭವದಲ್ಲಿ, ಬೆಳಿಗ್ಗೆ ಹತ್ತು ನಿಮಿಷ ಕೂರದ ದಿನ ಸಂಜೆಯವರೆಗೆ ಒಮ್ಮೆಯೂ ನೆನಪಾಗುವುದಿಲ್ಲ. ಕೂತ ದಿನ ತಾನಾಗಿ ಬರುತ್ತದೆ, ರಸ್ತೆ ದಾಟುವಾಗಲೂ.

ಹತ್ತು ನಿಮಿಷ ಸಾಕು. ಆದರೆ 63ನೆಯದಾಗಿ ಬೇಡ. ಸುಸ್ತಾದ ಮೇಲೆ ಉಳಿದದ್ದನ್ನು ಕೊಡುವುದು ಬಿಟ್ಟಂತಲ್ಲ. ಅಲ್ಲಿ ಬಿಡಲು ಏನೂ ಉಳಿದಿರುವುದಿಲ್ಲ.

ಅತ್ತೆ ಕರೆದರೆ? ಏಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕೋಟಿಯೊಳಗೆ ಲಕ್ಷ ಇದೆ ಎಂದು ನಾನೇ ಬರೆದೆ, ಲೆಕ್ಕ ಹಾಗೆಯೇ ಹೇಳುತ್ತದೆ. ಆದರೂ ಹಾಸಿಗೆಯಿಂದ ಕೂಗಿದ ಮುದುಕಿಯನ್ನು ಕಾಯಿಸಿ ಜಪ ಮುಗಿಸಿದವನನ್ನು ನಾನು ದೊಡ್ಡ ಭಕ್ತ ಎನ್ನಲಾರೆ. ಎದ್ದು ಹೋಗಿ, ಮತ್ತೆ ಬಂದು ನಿಲ್ಲಿಸಿದ ಮಣಿಯಿಂದ ಶುರು ಮಾಡಿ.

---

ರಾತ್ರಿ ಪಾಳಿ

ಮುಕ್ಕಾಲಾದರೂ ಒಪ್ಪಿದಿರಲ್ಲ ಸರ್, ಸಂತೋಷ. ಉಳಿದ ಕಾಲು ಭಾಗ ನಾನು ನಿಮ್ಮಿಂದ ತೆಗೆದುಕೊಳ್ಳುತ್ತೇನೆ. ಡ್ಯೂಟಿಗೆ ಹೋಗುವ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಐದು ನಿಮಿಷ ಸಿಗುತ್ತದೆ. ಈವರೆಗೆ ಅದು ಫೋನಿಗೆ ಹೋಗುತ್ತಿತ್ತು.

---

ಲೆಕ್ಕದ ಪುಸ್ತಕ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಬೀರುವಿನಿಂದ ಅಪ್ಪನ ಮಾಲೆ ತೆಗೆದೆ. ಚೀಲ ಅದೇ. ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಕಂಪ್ಯೂಟರ್ ಹಾಕುವ ಮುಂಚೆ ಕೂರುತ್ತೇನೆ. ಮೊದಲ ದಿನ 30ನೇ ಮಣಿಗೆ ಅತ್ತೆ ಕರೆದರು. ಎದ್ದು ಹೋದೆ, ಬಂದು 31ರಿಂದ ಶುರು ಮಾಡಿದೆ. ಮೊದಲೆರಡು ಮಣಿ ಬೇರೆಯವಕ್ಕಿಂತ ಸ್ವಲ್ಪ ನುಣುಪಾಗಿವೆ. ನನ್ನ ಭ್ರಮೆಯೂ ಇರಬಹುದು. ಅಲ್ಲಿ ಬೆರಳು ಬಂದಾಗ ಪ್ರತಿ ದಿನ ಒಂದು ಕ್ಷಣ ನಿಲ್ಲುತ್ತೇನೆ.

ಎರಡನೇ ವಾರದಿಂದ ಅತ್ತೆಯನ್ನು ಮಗ್ಗುಲು ತಿರುಗಿಸುವಾಗ ಹೆಸರುಗಳನ್ನು ಬಾಯಿಬಿಟ್ಟು ಹೇಳಲು ಶುರು ಮಾಡಿದೆ. ಎಡಕ್ಕೆ ತಿರುಗಿಸಿ ಬೆನ್ನು ಒರೆಸುವಷ್ಟರಲ್ಲಿ ಕೇಶವದಿಂದ ತ್ರಿವಿಕ್ರಮದವರೆಗೆ ಬರುತ್ತದೆ. ಅವರು ಏನೂ ಅನ್ನುತ್ತಿರಲಿಲ್ಲ. ಈಚೆಗೆ ಮಾತೇ ಕಡಿಮೆಯಾಗಿದೆ. ಎಷ್ಟೋ ದಿನ ನನ್ನ ಹೆಸರೂ ನೆನಪಾಗುವುದಿಲ್ಲ.

ಮೊನ್ನೆ ಮಧ್ಯಾಹ್ನ ಬೆನ್ನಿಗೆ ದಿಂಬು ಸರಿ ಮಾಡುತ್ತಿದ್ದೆ. ತ್ರಿವಿಕ್ರಮ ಅಂದವಳು ಹೊದಿಕೆ ಎಳೆಯಲು ಒಂದು ಕ್ಷಣ ನಿಲ್ಲಿಸಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಸಣ್ಣ ದನಿಯಲ್ಲಿ “ವಾಮನ” ಅಂದರು. ನಾನು ಹಾಗೇ ನಿಂತೆ. “ಶ್ರೀಧರ. ಹೃಷೀಕೇಶ. ಪದ್ಮನಾಭ.” ನಡುವೆ ಉಸಿರು ತೆಗೆದುಕೊಳ್ಳುತ್ತಾ, ಒಂದನ್ನೂ ಬಿಡದೆ ಹೇಳುತ್ತಾ ಹೋದರು. ಆಗ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳುತ್ತಿತ್ತು, ತಿಂಗಳ ಲೆಕ್ಕ ಕೇಳುವವರದು. ಬಿಟ್ಟುಬಿಟ್ಟೆ. ಮಂಚದ ಅಂಚಿಗೆ ಕೂತು ಅವರ ಕೈ ಹಿಡಿದುಕೊಂಡೆ.

“ಉಪೇಂದ್ರ” ಅಂದರು. ಆಮೇಲೆ “ಹರಿ” ಅಂದರು. ಅಷ್ಟು ಹೇಳಿ ನನ್ನ ಕಡೆ ತಿರುಗಲು ನೋಡಿದರು. ಕೊನೆಯದನ್ನು ನಾನು ಹೇಳಲಿ ಅಂತ.